ಮೂರನೇ ಫೋನಿನ ಮಡಿವಾಳಯ್ಯ

ಮಡಿವಾಳಯ್ಯನವರ ಎದುರು ಮೇಜಿನಲ್ಲಿ ಕುಳಿತು ಲೆಕ್ಕ ಬರೆಯುವುದೆಂದರೆ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರೆದ ಹಾಗೆ. ಅವರು ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಹತ್ತಿರದ ರಾವೂರಿಗೆ ಒಂದು ದನಿ, ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಅದಕ್ಕಿಂತ ಜೋರು ದನಿ. ಊರು ದೂರವಾದಷ್ಟೂ ಗಂಟಲು ಏರಬೇಕು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಕೂಡಿಸುತ್ತಿದ್ದದ್ದು ಮರೆತುಹೋಗಿ ನಾನು ಎಷ್ಟೋ ಸಲ, "ಅಯ್ನೋರ, ಜರಾ ಸಣ್ಣಗ ಮಾತಾಡ್ರಿ, ನನ್ನ ಲೆಕ್ಕ ತಪ್ಪಾಕತ್ತದ" ಎಂದು ಗದರಿದ್ದೇನೆ. ಅವರು ಕೈಯೆತ್ತಿ ಆಯಿತೆಂದು ಸನ್ನೆ ಮಾಡಿ, ಇನ್ನೂ ಜೋರಾಗಿ ಕೂಗುತ್ತಿದ್ದರು.

ನಾನು ದಾನೇಶ್ವರಿ, ಸೇಡಂನವಳು. ಬೆಳಿಗ್ಗೆ ಗಾಡಿ ಹಿಡಿದು ವಾಡಿಯಲ್ಲಿ ಬದಲಿಸಿ ಶಹಾಬಾದಿಗೆ ಬಂದು, ಸಂಜೆ ಅದೇ ಹಾದಿಯಲ್ಲಿ ಮರಳುತ್ತೇನೆ. ನಮ್ಮ ಸಂಸ್ಥೆ ಸಣ್ಣದು. ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ. ದೊಡ್ಡ ಊರಿನ ದಾನಿಗಳಿಂದ ಅನುದಾನ ತಂದು ಸುತ್ತಲಿನ ಹಳ್ಳಿಗಳ ಕೇಂದ್ರಗಳಿಗೆ ಹಂಚುವುದು ನಮ್ಮ ಕೆಲಸ. ಮಳಖೇಡದಲ್ಲಿ ಹೆಂಗಸರ ಹೊಲಿಗೆ ಕೇಂದ್ರ, ಐನಾಪುರದಲ್ಲಿ ತೊಗರಿ ಬೀಜ ಕಾಪಿಡುವ ರೈತರ ಗುಂಪು, ರಾವೂರಿನಲ್ಲಿ ಕಲ್ಲುಗಣಿಯ ಕೂಲಿಗಳ ಮಕ್ಕಳಿಗೊಂದು ಬಾಲವಾಡಿ, ಹೀಗೆ. ಅವರೆಲ್ಲ ಮೂರು ತಿಂಗಳಿಗೊಮ್ಮೆ ಏನು ಮಾಡಿದೆವೆಂದು ವರದಿ ಬರೆದು ಕಳಿಸಬೇಕು. ಅದನ್ನು ವಸೂಲು ಮಾಡುವವರೇ ಮಡಿವಾಳಯ್ಯ.

ಅವರ ವಸೂಲಿಗೆ ಒಂದು ರೀತಿ ಇತ್ತು. ಮೊದಲನೇ ಫೋನಿನಲ್ಲಿ ವರದಿಯ ಮಾತು ಕಡೆಗೆ ಬರುತ್ತಿತ್ತು, ಅದೂ ಮರೆತು ನೆನಪಾದಂತೆ. ಅದಕ್ಕೂ ಮುಂಚೆ ಮಳೆ, ಮೊಣಕಾಲು ನೋವು, ಮಗಳ ಬಾಣಂತನ, ಆಡು ಮರಿ ಹಾಕಿತೋ ಇಲ್ಲವೋ ಎಲ್ಲ ಆಗಬೇಕು. ಎರಡನೇ ಫೋನಿಗೆ ಆ ಕಡೆಯವರು "ಆಗಲಿಕತ್ತದರೀ" ಎನ್ನುವರು. ಮೂರನೇ ಫೋನಿನಲ್ಲಿ ಇವರು ಸಿಟ್ಟು ಮಾಡುವರು. "ಇನ್ನ ವರದಿ ಬರಲಿಲ್ಲಂದ್ರ ನಾಳಿ ನಾನೇ ನಿಮ್ಮ ಬಾಗಿಲಿಗೆ ಬಂದು ಕುಂದ್ರತೀನಿ!" ಮರುದಿನ ವರದಿ ಬರುತ್ತಿತ್ತು, ಇಲ್ಲದಿದ್ದರೆ ಇವರು ನಿಜವಾಗಿಯೂ ಹೊರಟುಬಿಡುತ್ತಿದ್ದರು. ಹೋದಲ್ಲಿ ರೊಟ್ಟಿ ಉಂಡು, ಚೀಲದಲ್ಲಿ ವರದಿಯ ಜೊತೆ ಒಂದಿಷ್ಟು ಶೇಂಗಾ ಹಿಂಡಿಯನ್ನೋ ಹುಣಸೆಹಣ್ಣನ್ನೋ ತರುತ್ತಿದ್ದರು.

ಹಳ್ಳಿಯವರದು ಬರೀ ಸೋಮಾರಿತನ ಎಂದೇ ನಾನು ತಿಳಿದಿದ್ದೆ. ಒಮ್ಮೆ ಲೆಕ್ಕ ನೋಡಲು ಐನಾಪುರಕ್ಕೆ ಹೋದಾಗ ಬೀಜದ ಗುಂಪಿನ ಖಂಡಪ್ಪ ಗೋಡೆಯ ಗೂಡಿನಿಂದ ವರದಿ ತೆಗೆದು ತೋರಿಸಿದ. ಎಂದೋ ಬರೆದು ಮಡಿಸಿ ಇಟ್ಟಿದ್ದು, ಮೇಲೆ ಧೂಳು ಕೂತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಬರದಿಟ್ಟೀರಲ್ಲ, ಮತ್ತ ಯಾಕ ಕಳಿಸಿಲ್ಲ?"

"ಕಳಿಸಿಬಿಟ್ರ ಅಯ್ನೋರು ಫೋನ್ ಯಾಕ ಮಾಡ್ತಾರ್ರಿ, ಬಾಯಿ?" ಎಂದ ಖಂಡಪ್ಪ. ಅದರಲ್ಲಿ ತಪ್ಪೇನಿದೆ ಎನ್ನುವಂತೆ ನನ್ನ ಮುಖವನ್ನೇ ನೋಡಿದ. ಕೆಲಸದ ರೀತಿ ಇದೇನಾ ಎಂದು ಸೇಡಂ ಮುಟ್ಟುವ ತನಕ ಬಸ್ಸಿನಲ್ಲಿ ಗೊಣಗಿದೆ.

ಎಲ್ಲರ ಸುಖದುಃಖ ಕೇಳುವ ಈ ಮನುಷ್ಯನದು ಕೇಳುವವರು ಯಾರೂ ಇರಲಿಲ್ಲ. ಅವರು ಚಿತ್ತಾಪುರದ ಜಂಗಮರ ಮನೆಯವರು. ಹೆಂಡತಿ ಶಿವಗಂಗಾ ಕಾಮಾಲೆಯಾಗಿ ತೀರಿಕೊಂಡು ವರ್ಷಗಳೇ ಆಗಿವೆ. ಮಕ್ಕಳಿಲ್ಲ. ಚಿತ್ತಾಪುರದ ಅಣ್ಣ ಹೊಲದ ಪಾಲಿನ ಮಾತು ಬಂದಾಗಿನಿಂದ ಬಾಗಿಲು ಹಾಕಿಕೊಂಡಿದ್ದಾರೆ. ಶಹಾಬಾದಿನಲ್ಲಿ ರೈಲು ಹಳಿಯ ಆಚೆ, ಒಂದು ಮನೆಯ ಮಾಳಿಗೆಯ ಮೇಲೆ ಬಾಡಿಗೆ ಖೋಲಿ, ಊಟಕ್ಕೆ ಸ್ಟೇಷನ್ ಹತ್ತಿರದ ಖಾನಾವಳಿ. ಫೋನಿನ ಆ ಕಡೆಯಿಂದ ಯಾರಾದರೂ "ನೀವು ಹ್ಯಾಂಗಿದ್ದೀರಿ" ಎಂದರೆ "ನಮ್ಮದೇನ್ರಿ, ಆರಾಮ" ಎಂದು ಮಾತು ತಿರುಗಿಸಿಬಿಡುವರು. ಸೋಮವಾರ ನನಗೆ ರಜೆಯ ಸುದ್ದಿ ಹೇಳಲು ಸಾವಿರ ಇರುತ್ತಿದ್ದವು, ಅವರಿಗೆ ಒಂದೂ ಇರುತ್ತಿರಲಿಲ್ಲ. ಭಾನುವಾರ ಬಟ್ಟೆ ಒಗೆದೆ ಎನ್ನುವರು. ಅದು ಯಾಕೋ ಕೇಳಲು ಕಷ್ಟವಾಗುತ್ತಿತ್ತು.

ಹೀಗಿರುವಾಗ ದಾನಿಗಳು ಪಟ್ಟು ಹಿಡಿದರು. ವರದಿಗಳು ತಡವಾಗುತ್ತಿವೆ, ಅನುದಾನ ನಿರ್ವಹಣೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಮುಂದಿನ ವರ್ಷ ನಿಮ್ಮನ್ನು ನಂಬಿಕೊಳ್ಳಲಾರೆವು ಎಂದು. ನಮ್ಮ ಮುಖ್ಯಸ್ಥರಾದ ಮಹೇಶಕುಮಾರ ಸರ್ ಹೊಸದೆಂದರೆ ಮೊದಲೇ ಹಿಗ್ಗುವವರು. ಕಲಬುರಗಿಯಿಂದ ಜಬೀನಾ ಎಂಬುವಳು ಕಲಿಸಲು ಬಂದಳು. ಮಾತು ಕಮ್ಮಿ, ಕೆಲಸ ಚೊಕ್ಕ.

ವಿಷಯ ಇಷ್ಟೇ. ಅನುದಾನ ಶುರುವಾದ ತಾರೀಖು ತುಂಬಿದರೆ ಸಾಕು. ವರದಿಯ ಗಡುವುಗಳನ್ನು ಸಾಫ್ಟ್‌ವೇರ್ ತಾನೇ ಎಣಿಸಿಕೊಳ್ಳುತ್ತದೆ, ಗಡುವು ಹತ್ತಿರ ಬಂದಾಗ ಕೇಂದ್ರದವರ ಮೊಬೈಲಿಗೆ ತಾನೇ ಸಂದೇಶ ಕಳಿಸುತ್ತದೆ, ಅದರ ಜೊತೆಗಿನ ಲಿಂಕಿನಲ್ಲಿ ಬರುವ ವರದಿಯನ್ನು ತಾನೇ ಸೇರಿಸಿಕೊಳ್ಳುತ್ತದೆ, ಮೀರಿದರೆ ತಾನೇ ಇನ್ನೊಬ್ಬರಿಗೆ ದೂರು ಹೇಳುತ್ತದೆ. ಮನುಷ್ಯರು ನಡುವೆ ಬರಬೇಕಾಗಿಲ್ಲ. ಇದನ್ನೆಲ್ಲ ಅದಕ್ಕೆ ಕಲಿಸಿಕೊಡಬೇಕಾದವರು ಮಡಿವಾಳಯ್ಯನವರೇ. ತಮ್ಮ ಕೆಲಸವನ್ನು ತಾವೇ ಕೈಯಾರೆ ಇನ್ನೊಬ್ಬರಿಗೆ ದಾಟಿಸುತ್ತಿದ್ದೇವೆಂದು ಅವರಿಗೆ ಅರ್ಥವಾಗಲಿಲ್ಲವೆಂದು ಹೇಳಲಾರೆ. ಅರ್ಥವಾಗಿತ್ತು. ಆದರೂ ಶಾಲೆಯ ಹುಡುಗನಂತೆ ಮುಂದಕ್ಕೆ ಬಾಗಿ ಕುಳಿತು ಕೇಳಿದರು.

"ಎಷ್ಟು ಸಲ ನೆನಪು ಮಾಡಬೇಕು?" ಎಂದು ಜಬೀನಾ ಕೇಳಿದಳು.

"ಮೂರು ಸಲ. ಮೂರಕ್ಕಿಂತ ಕಮ್ಮಿ ಆದ್ರ ಚಲೋ ಅನಸೂದಿಲ್ಲ."

ಸಂದೇಶದ ಮಾತುಗಳನ್ನೂ ಅವರೇ ಬರೆದರು. 'ನಮಸ್ಕಾರ. ನಿಮ್ಮ ವರದಿಯ ಗಡುವು ಹತ್ತಿರ ಬಂದಿದೆ. ಈ ಅವಧಿಯಲ್ಲಿ ಏನೇನಾಯಿತು, ತಿಳಿಸಿ.' ಗಡುವು ಮೀರಿದ ಮೇಲೆ ಹೋಗುವ ಸಂದೇಶದಲ್ಲಿ ಮಹೇಶಕುಮಾರ ಸರ್ 'ಅನುದಾನ ತಡೆಹಿಡಿಯಲಾಗುವುದು' ಎಂದು ಹಾಕಿಸಬೇಕೆಂದಿದ್ದರು. ಇವರು ಒಪ್ಪಲಿಲ್ಲ. 'ವರದಿ ಬಂದಿಲ್ಲ. ದಯವಿಟ್ಟು ವಿಚಾರಿಸಿ' ಎಂದಷ್ಟೇ ಇರಲಿ ಎಂದು ಹಟ ಮಾಡಿ ಗೆದ್ದರು. ನನಗೆ ತಿಳಿದಂತೆ ಆ ಕಚೇರಿಯಲ್ಲಿ ಅವರು ಗೆದ್ದದ್ದು ಅದೊಂದೇ.

ಆ ಕೊನೆಯ ಸಂದೇಶ ಯಾರಿಗೆ ಹೋಗಬೇಕು ಎಂಬುದಕ್ಕೆ ಪ್ರತಿ ಕೇಂದ್ರದ ಹೆಸರಿನ ಕೆಳಗೆ 'ಎರಡನೇ ಸಂಪರ್ಕ' ಎಂಬ ಖಾನೆಯಿತ್ತು. ಪಕ್ಕದಲ್ಲಿ ಕೆಂಪು ಚುಕ್ಕಿ. ಅಂದರೆ ಖಾಲಿ ಬಿಡುವ ಹಾಗಿಲ್ಲ. ಅದನ್ನು ತುಂಬಲು ಮಡಿವಾಳಯ್ಯ ಎಲ್ಲರಿಗೂ ಫೋನ್ ಮಾಡಿದರು. ಅವರು ಮನಸಾರೆ ಕೂಗಾಡಿದ ಕಡೆಯ ದಿನಗಳು ಅವು. ಖಂಡಪ್ಪ ತಮ್ಮನ ಹೆಸರು ಕೊಟ್ಟ. ಮಳಖೇಡದ ಹೊಲಿಗೆ ಕೇಂದ್ರದ ವಿಮಲಾಬಾಯಿ ಗಂಡನದೋ ಮಗನದೋ ಎಂದು ಹೊತ್ತುಗಟ್ಟಲೆ ಯೋಚಿಸಿ ಸೊಸೆಯದು ಕೊಟ್ಟಳು.

ರಾವೂರಿನ ಬಾಲವಾಡಿ ನಡೆಸುವವರು ಅಖ್ತರ ಬೇಗಂ. ಗಂಡ ಗಣಿಯಲ್ಲಿ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದವನು, ಇದ್ದೊಬ್ಬ ಮಗಳು ಮದುವೆಯಾಗಿ ತಾಂಡೂರಿನ ಕಡೆ. ಮಡಿವಾಳಯ್ಯ ಅವರನ್ನು ಆಪಾ, ಅಂದರೆ ಅಕ್ಕಾ, ಎನ್ನುತ್ತಿದ್ದರು, ಹೆಚ್ಚು ಹೊತ್ತು ಕೂಗುತ್ತಿದ್ದದ್ದೂ ಅವರೊಂದಿಗೇ. ಅಂದು ಅಖ್ತರ ಬೇಗಂ ದನಿ ನನ್ನ ಮೇಜಿಗೂ ಕೇಳುವಂತೆ ಬಂತು. "ಯಾರ ಹೆಸರು ಹೇಳಲಿ ಅಯ್ನೋರ? ಮಗಳಿಗಿ ಅಲ್ಲಿಂದ ಬರಾಕ ಆಗೂದಿಲ್ಲ. ನಿಮ್ಮದ ಹಾಕ್ಕೊಳ್ರಿ. ನಡೀತದಿಲ್ಲ?"

"ನಡೀತದ್ರಿ ಆಪಾ, ಯಾಕ ನಡಿಯೂದಿಲ್ಲ," ಎಂದರು ಇವರು. ಆ ಮಾತನ್ನು ಮಾತ್ರ ಕೂಗಿ ಹೇಳಲಿಲ್ಲ.

ಎಲ್ಲ ಮುಗಿದ ಮೇಲೆ ಜಬೀನಾ, ಶುರು ಮಾಡುವ ಮುಂಚೆ ಒಂದು ಸುಳ್ಳು ಕೇಂದ್ರ ಮಾಡಿ ನೋಡೋಣ ಎಂದಳು. ನಿಮ್ಮದೇ ಹೆಸರು ಹಾಕಿ, ನಿಮ್ಮದೇ ನಂಬರು ಕೊಡಿ, ಸಂದೇಶ ಸರಿಯಾಗಿ ಬರುತ್ತದೋ ತಿಳಿಯುತ್ತದೆ, ಆಮೇಲೆ ಅಳಿಸಿದರಾಯಿತು. 'ಮಡಿವಾಳಯ್ಯ ಕೇಂದ್ರ' ಎಂದು ಹೆಸರಾಯಿತು. ನಾನು ನಕ್ಕೆ. ಅವರೂ ನಕ್ಕರು. ನಗುನಗುತ್ತಲೇ ಒಂದೊಂದು ಖಾನೆ ತುಂಬುತ್ತ ಬಂದು ಕೆಂಪು ಚುಕ್ಕಿಯ ಹತ್ತಿರ ನಿಂತರು.

"ಯಾರದರ ಹಾಕ್ರಿ, ಸರ. ಮನ್ಯಾಗಿನವರದು ಒಂದು ನಂಬರ್," ಎಂದಳು ಜಬೀನಾ.

ಅವಳಿಗೇನು ಗೊತ್ತು. ಮಡಿವಾಳಯ್ಯ ಕೀಲಿಮಣೆಯ ಮೇಲೆ ಕೈಯಿಟ್ಟು ಆ ಚುಕ್ಕಿಯನ್ನೇ ನೋಡಿದರು. ನನ್ನ ನಂಬರು ಹಾಕಿಕೊಳ್ಳಿ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮೊಬೈಲ್ ನೋಡದೆಯೇ ಒಂದು ನಂಬರು ಒತ್ತಿಬಿಟ್ಟರು. ಬಾಯಿಪಾಠವಾಗಿದ್ದ ನಂಬರು. ಯಾರದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪರೀಕ್ಷೆ ಪಾಸಾಯಿತು. ಮೊಬೈಲು ಟಿಣ್ ಎಂದಿತು.

ಮೊದಮೊದಲು ಹಳ್ಳಿಯವರು ಗೊಂದಲ ಮಾಡಿಕೊಂಡರು. ಸಂದೇಶದ ಮಾತು ಮಡಿವಾಳಯ್ಯನವರದೇ ಆದ್ದರಿಂದ ಅವರೇ ಕುಳಿತು ಬರೆದಿದ್ದಾರೆಂದು ತಿಳಿದು, 'ಆರಾಮ ಇದ್ದೀವಿರಿ, ನಿಮ್ಮ ಊಟ ಆಯ್ತಾ' ಎಂದು ತಿರುಗಿ ಬರೆದರು. ಅದು ಯಾರಿಗೂ ಮುಟ್ಟುವ ನಂಬರಲ್ಲ. ಖಂಡಪ್ಪನಿಗೆ ಸಿಟ್ಟು ಬಂದು ಕಚೇರಿಗೇ ಫೋನ್ ಮಾಡಿ, ಇಷ್ಟು ಕೇಳಿದರೂ ಒಂದು ಮಾತಿಗೂ ಉತ್ತರವಿಲ್ಲ, ಅಯ್ಯನವರಿಗೆ ಸೊಕ್ಕು ಬಂತೇನು ಎಂದ. ಅದು ಮಷಿನ್ನು ಎಂದು ಇವರೇ ತಿಳಿಸಿ ಹೇಳಿದರು. ತಿಳಿದ ಮೇಲೆ ಜನ ಬದಲಾದರು. ಮಷಿನ್ನಿನ ಹತ್ತಿರ ಯಾರು ಸತಾಯಿಸುತ್ತಾರೆ? ಮೊದಲನೇ ಸಂದೇಶಕ್ಕೇ ವರದಿಗಳು ಬಂದು ಬೀಳತೊಡಗಿದವು. ದಾನಿಗಳು ಹೊಗಳಿ ಬರೆದರು. ಮಹೇಶಕುಮಾರ ಸರ್ ನಮಗೆಲ್ಲ ಕಲಾಕಂದ ತರಿಸಿದರು.

ಮಡಿವಾಳಯ್ಯನವರ ಫೋನು ಬಾಯಿ ಮುಚ್ಚಿತು. ಅವರು ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆಯುವರು. ಎಲ್ಲ ಕೇಂದ್ರಗಳ ಮುಂದೆ ಹಸಿರು ಗುರುತು. ನೋಡಿ ಮುಗಿಸಲು ಎಷ್ಟು ಹೊತ್ತು ಬೇಕು? ಆಮೇಲೆ ಸಂಜೆಯ ತನಕ ಕಿಟಕಿಯಿಂದ ಓಣಿ ನೋಡುತ್ತ ಕೂಡುವರು. ತಾಸುಗಟ್ಟಲೆ ಆ ಮೌನ ನೋಡಿ ನನಗೇ ತಲೆ ಚಿಟ್ಟು ಹಿಡಿಯಿತು.

"ಹಿಂಗ ಸುಮ್ಮ ಕುಂದ್ರೂ ಬದಲು ಆಪಾಗ ಒಂದು ಫೋನ್ ಹಚ್ಚಿ ಮಾತಾಡ್ರಲಾ," ಎಂದೆ ಒಂದು ದಿನ.

"ಏನಂತ ಹಚ್ಚಲಿ?"

"ಹ್ಯಾಂಗಿದ್ದೀರಂತ."

"ಹಂಗ ಬರತದೇನ್ರಿ, ಬಾಯಿ? ಒಂದು ಕೆಲಸ ಇದ್ರ ಮಾತು ಬ್ಯಾರೆ. ಇನ್ನೊಬ್ಬರ ಮನೀಗಿ, ಅದರಾಗ ಹೆಣಮಗಳಿಗಿ, ಸುಳ್ಳ ಸುಳ್ಳೇ ಫೋನ್ ಹಚ್ಚಿ ಏನ್ ಕೇಳಲಿ? ವರದಿ ಅಂತ ಒಂದು ನೆವ ಇತ್ತು. ಅದು ಈಗ ಟೈಮಿಗಿ ಬರಲಿಕತ್ತದ." ಹೇಳಿ ಕಿಟಕಿಯ ಕಡೆ ತಿರುಗಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ವರ್ಷದ ಕೊನೆಗೆ ವರದಿಗಳನ್ನು ಒಟ್ಟು ಮಾಡುವಾಗ ನನ್ನ ಲೆಕ್ಕಕ್ಕಿಂತ ಒಂದು ಕೇಂದ್ರ ಹೆಚ್ಚು ಬಂತು. ನೋಡಿದರೆ ಆ ಸುಳ್ಳು ಕೇಂದ್ರ ಅಳಿಸದೆ ಹಾಗೇ ಇದೆ. ಅದಕ್ಕೂ ಮೂರು ತಿಂಗಳಿಗೊಮ್ಮೆ ಗಡುವು ಬರುತ್ತಿದೆ, ಮೊದಲನೇ ಸಂದೇಶಕ್ಕೇ ವರದಿಯೂ ಹೋಗುತ್ತಿದೆ! 'ಈ ಅವಧಿಯಲ್ಲಿ ವಿಶೇಷವೇನೂ ಇಲ್ಲ. ಆರಾಮ.' ಪ್ರತಿ ಸಲವೂ ಅದೇ.

"ಇದೇನ್ರಿ ಅಯ್ನೋರ, ನಿಮಗ ಯಾವ ಅನುದಾನ ಬಂದದ? ಅಳಿಸಬೇಕೇನು?" ಎಂದು ಚೇಷ್ಟೆ ಮಾಡಿದೆ.

ಅವರ ಮುಖ ಕೆಂಪಾಯಿತು. "ಇರಲಿ ಬಿಡ್ರಿ, ಬಾಯಿ. ಮುಂದ ಪರೀಕ್ಷಾ ಮಾಡಾಕ ಬೇಕಾಗತದ," ಎಂದರು. ನಾನು ಲೆಕ್ಕದಲ್ಲಿ ಒಂದನ್ನು ಕಳೆದು ಮುಂದೆ ಹೋದೆ.

ಅದರ ಮುಂದಿನ ದೀಪಾವಳಿಗೆ ಕಚೇರಿಗೆ ಉದ್ದ ರಜೆ ಸಿಕ್ಕಿತು. ನಾನು ಸೇಡಂನಲ್ಲಿ ಕರಿಗಡಬು ಮಾಡುವ ಗದ್ದಲದಲ್ಲಿದ್ದೆ. ಖಾನಾವಳಿಯವನು ಬಾಗಿಲು ಹಾಕಿ ಊರಿಗೆ ಹೋಗಿದ್ದ. ಮಡಿವಾಳಯ್ಯನವರ ಖೋಲಿಯ ಕೆಳಗಿನ ಮನೆಯವರು ಬೀಗರ ಮನೆಗೆ ಹೋಗಿದ್ದರು. ಹಬ್ಬದ ಹಿಂದಿನ ದಿನ ಅವರಿಗೆ ಚಳಿಜ್ವರ ಹತ್ತಿತು. ಊರಲ್ಲೆಲ್ಲ ಹಬ್ಬಿದ್ದ ಜ್ವರವೇ ಅದು, ಕೀಲು ಕೀಲು ಹಿಡಿದು ಮನುಷ್ಯ ಏಳಲಾರದಂತೆ ಮಾಡುವಂಥದು. ಮೊಬೈಲು ಗೂಟಕ್ಕೆ ತೂಗುಹಾಕಿದ ಅಂಗಿಯ ಕಿಸೆಯಲ್ಲಿತ್ತು. ಮಂಚದಿಂದ ಗೂಟದ ತನಕ ಹೋಗುವುದೂ ಅವರಿಂದಾಗಲಿಲ್ಲ. ಹೊರಗೆ ಪಟಾಕಿ ಸಿಡಿಯುತ್ತಿದ್ದವು. ಕೂಗಿದರೂ ಯಾರಿಗೆ ಕೇಳಬೇಕು? ಇಷ್ಟು ವರ್ಷ ಐನಾಪುರದ ತನಕ ಕೂಗಿದ ಗಂಟಲಿನಿಂದ ಅವತ್ತು ಮೆಟ್ಟಿಲ ತನಕವೂ ದನಿ ಹೋಗಲಿಲ್ಲವಂತೆ. ಅಂಗಿಯ ಕಿಸೆಯಲ್ಲಿ ಆಗಾಗ ಟಿಣ್ ಎನ್ನುವುದು ಮಾತ್ರ ಕೇಳುತ್ತಿತ್ತಂತೆ. ಗಡುವು ಬಂದಿತ್ತು.

ಮುಂದಿನದು ನಾನು ಅಖ್ತರ ಬೇಗಂ ಬಾಯಿಂದಲೇ ಕೇಳಿದ್ದು. ಹಬ್ಬದ ಮರುದಿನ ಅವರು ಬಾಲವಾಡಿಯ ಅಂಗಳ ಗುಡಿಸುತ್ತಿದ್ದಾಗ ಮೊಬೈಲಿಗೆ ಸಂದೇಶ ಬಂತು. 'ಮಡಿವಾಳಯ್ಯ ಕೇಂದ್ರದ ವರದಿ ಬಂದಿಲ್ಲ. ದಯವಿಟ್ಟು ವಿಚಾರಿಸಿ.' ಎರಡೆರಡು ಸಲ ಓದಿದರು. ಮೊದಲು ನಗು ಬಂತು. ಎಲ್ಲರ ಪ್ರಾಣ ತಿಂದು ವರದಿ ವಸೂಲು ಮಾಡಿದವರದೇ ವರದಿ ತಡವಾಯಿತೇ! ಬಿಡಬಾರದು, ಚೆನ್ನಾಗಿ ಬಯ್ಯಬೇಕೆಂದು ಫೋನ್ ಹಚ್ಚಿದರು. ಎತ್ತಲಿಲ್ಲ. ಊಟ ಮಾಡಿ ಮತ್ತೆ ಹಚ್ಚಿದರು. ಎತ್ತಲಿಲ್ಲ. ಮೂರನೇ ಸಲ ಹಚ್ಚಿದಾಗ ಫೋನು ಸ್ವಿಚ್ ಆಫ್ ಎಂದಿತು. ಮೂರನೇ ಫೋನಿಗೂ ವರದಿ ಬರದಿದ್ದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಬುರ್ಕಾ ಹಾಕಿಕೊಂಡು ಟಂಟಂ ಆಟೋ ಹತ್ತಿ ವಾಡಿಗೆ, ಅಲ್ಲಿಂದ ಬಸ್ಸಿಗೆ ಶಹಾಬಾದಿಗೆ ಬಂದರು. ಹಳಿಯ ಆಚೆಯ ಓಣಿಯಲ್ಲಿ, ಕೂಗಿ ಮಾತಾಡುವ ಅಯ್ಯನವರ ಖೋಲಿ ಯಾವುದು ಎಂದು ಕೇಳುತ್ತ ಹೋದರು.

ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಸುಮ್ಮನೆ ಮುಂದೆ ಮಾಡಿತ್ತು. ಹೊಸ್ತಿಲ ಹೊರಗೇ ನಿಂತು ಅಖ್ತರ ಬೇಗಂ ಕೂಗಿದರು. "ಅಯ್ನೋರ, ವರದಿ ಎಲ್ಲದ?"

ಒಳಗಿನಿಂದ ಬಂದ ದನಿ ಅವರಿಗೆ ಮೊದಲು ಗುರುತೇ ಹತ್ತಲಿಲ್ಲ. "ಆಗಲಿಕತ್ತದರೀ, ಆಪಾ."

ಅವರು ಓಣಿಯಲ್ಲಿ ಸಿಕ್ಕ ಆಟೋ ಕರೆದು, ಚಾಲಕನಿಂದಲೇ ಎತ್ತಿಸಿ ದವಾಖಾನೆಗೆ ಸೇರಿಸಿದರು. ಸುದ್ದಿ ತಿಳಿದು ಮರುದಿನ ನಾನು ಓಡಿ ಬಂದಾಗ ಮಡಿವಾಳಯ್ಯನವರ ಕೈಗೆ ಸಲಾಯಿನ್ ಹಚ್ಚಿದ್ದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಅಖ್ತರ ಬೇಗಂ ಸ್ಟೂಲಿನ ಮೇಲೆ ಕುಳಿತು ಮೋಸಂಬಿ ಸುಲಿಯುತ್ತಿದ್ದರು. ಮುಖದ ಮೇಲೆ ಸಿಟ್ಟಿತ್ತು.

"ನನ್ನ ನಂಬರ್ ಹಾಕಿದ್ದು ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದರು.

"ಕೆಂಪು ಚುಕ್ಕಿ ಇತ್ತರಿ. ಖಾಲಿ ಬಿಡಾಕ ಬರ್ತಿದ್ದಿಲ್ಲ."

"ಅದಲ್ಲ ನಾ ಕೇಳಿದ್ದು. ನನಗ ಯಾರಿಲ್ಲಂದಾಗ ನಾ ನಿಮ್ಮನ್ನ ಬಾಯಿಬಿಟ್ಟು ಕೇಳಿದೆ, ನಿಮ್ಮದ ಹಾಕ್ರಿ ಅಂತ. ನೀವು ಯಾಕ ಕೇಳಲಿಲ್ಲ? ಕೇಳಿದ್ರ ನಾ ಏನ್ ಒಲ್ಲೆ ಅಂತಿದ್ದೆನು?"

ಮಡಿವಾಳಯ್ಯನವರು ಗೋಡೆಯ ಕಡೆ ಮುಖ ಮಾಡಿದರು. ಹೆಗಲು ಅಲುಗಿತು. ಅಖ್ತರ ಬೇಗಂ ಮೋಸಂಬಿಯ ತೊಳೆಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟು, ಬಾಲವಾಡಿಯ ಮಕ್ಕಳು ಕಾಯುತ್ತಿರುತ್ತಾರೆಂದು ಎದ್ದರು. ನಾನು ಅವರನ್ನು ಬಸ್ಸಿನ ತನಕ ಬಿಟ್ಟು ಬಂದೆ. ಮರಳಿ ಬಂದಾಗ ಮಡಿವಾಳಯ್ಯ ತಟ್ಟೆಯನ್ನು ಮುಟ್ಟಿರಲಿಲ್ಲ, ಅದನ್ನೇ ನೋಡುತ್ತ ಮಲಗಿದ್ದರು.

ಈಗ ಅವರು ಮೊದಲಿನಂತೆ ಕಚೇರಿಗೆ ಬರುತ್ತಾರೆ. ಬೆರಳಿನ ಕೀಲುಗಳ ಹಿಡಿತ ಪೂರ್ತಿ ಬಿಟ್ಟಿಲ್ಲ. ಎಲ್ಲ ಕೇಂದ್ರಗಳ ಮುಂದೆ ಹಸಿರು ಗುರುತು, ಓಣಿಯ ಕಡೆ ಕಿಟಕಿ, ಮೇಲೆ ತಿರುಗುವ ಫ್ಯಾನು. ಹಬ್ಬ ಕಳೆದು ಮೂರು ತಿಂಗಳಾಯಿತು. ಮೊನ್ನೆ ಅವರ ಮೊಬೈಲು ಟಿಣ್ ಎಂದಿತು.

"ನಿಮ್ಮ ಗಡುವು ಬಂತು ನೋಡ್ರಿ. ವರದಿ ಬರೀರಿ," ಎಂದೆ.

"ಬರದಿಟ್ಟೀನ್ರಿ, ಬಾಯಿ."

"ಮತ್ತ ಕಳಿಸ್ರಿ."

"ಕಳಿಸ್ತೀನಿ ಬಿಡ್ರಿ. ಅವಸರ ಏನದ?"

ಎರಡನೇ ಸಂದೇಶ ಬಂತು. ಅವರು ಕಳಿಸಲಿಲ್ಲ. ಇವತ್ತು ಬೆಳಿಗ್ಗೆ ಮೂರನೆಯದೂ ಬಂತು, ಮಧ್ಯಾಹ್ನಕ್ಕೆ ಗಡುವೂ ಮೀರಿತು. ಮಡಿವಾಳಯ್ಯ ಫೋನನ್ನು ಮೇಜಿನ ನಟ್ಟನಡುವೆ ಇಟ್ಟುಕೊಂಡು, ತಲೆ ಬಾಚಿಕೊಂಡು, ಕೈಕಟ್ಟಿ ಕುಳಿತಿದ್ದಾರೆ. ನಾನು ಲೆಕ್ಕದ ಕೆಲಸ ಬದಿಗಿಟ್ಟೆ. ರಾವೂರಿನಿಂದ ಫೋನ್ ಬಂದರೆ ಲೆಕ್ಕ ಹೇಗೂ ತಪ್ಪುತ್ತದೆ.